ಅಟ್ಟದ ಮೇಲಿನ ಕಾಯಿ, ಪೆಟ್ಟಿಗೆಯೊಳಗಿನ ಬಾಂಡು

ಗುಬ್ಬಿಯಲ್ಲಿದ್ದ ನಮ್ಮ ಸೋದರತ್ತೆಯ ಅಡುಗೆಮನೆಯ ಅಟ್ಟದ ಮೇಲೆ ಯಾವಾಗಲೂ ಬೇರೆಯವರ ತೆಂಗಿನಕಾಯಿ ಇರುತ್ತಿದ್ದವು. ಒಂದೆರಡಲ್ಲ, ಸಾವಿರಗಟ್ಟಲೆ. ಮನೆ ಬಾಡಿಗೆಯದು. ಮಾಲೀಕರು ಕುಣಿಗಲ್‌ನವರು. ತಾಯಿಯ ಕಡೆಯಿಂದ ಬಂದ ತೆಂಗಿನ ತೋಟವೊಂದು ಅವರಿಗೆ ಗುಬ್ಬಿಯ ಪಕ್ಕದಲ್ಲಿತ್ತು. ಬಲಿತ ಕಾಯಿಗಳನ್ನು ಇಳಿಸಿ, ಗಾಡಿಯಲ್ಲಿ ತಂದು, ಅತ್ತೆಯ ಅಟ್ಟಕ್ಕೆ ಏರಿಸಿ ಹೋದರೆ ಅವರು ಮತ್ತೆ ಅವನ್ನು ಇಳಿಸಲು ಬರುತ್ತಿದ್ದದ್ದು ಹತ್ತು ಹನ್ನೊಂದು ತಿಂಗಳಾದ ಮೇಲೆಯೇ. ಅಷ್ಟರಲ್ಲಿ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಕಾಯಿ ಉಂಡೆ ಕೊಬ್ಬರಿಯಾಗಿರುತ್ತಿತ್ತು.

ಅದು ಆಗುವುದಕ್ಕೆ ಬಿಸಿ ಬೇಕು. ಬಿಸಿ ಕೊಡುತ್ತಿದ್ದದ್ದು ಅತ್ತೆಯ ಸೌದೆ ಒಲೆ. ಬಾಡಿಗೆ ಕಡಿಮೆ ಇದ್ದದ್ದು ಅದಕ್ಕೇ. ಕಾಗದ ಪತ್ರ ಏನೂ ಇರಲಿಲ್ಲ, ಬಾಯಿಮಾತಿನ ಕರಾರು: ಕೆಳಗೆ ದಿನಾ ಎರಡು ಹೊತ್ತು ಒಲೆ ಉರಿಯಬೇಕು, ಅಟ್ಟ ಮಾತ್ರ ಮಾಲೀಕರದ್ದು.

ನಾನು ಹೈಸ್ಕೂಲು ಓದಿದ್ದು ಅತ್ತೆಯ ಮನೆಯಲ್ಲಿದ್ದುಕೊಂಡೇ. ನನ್ನ ಮಾತಿನಲ್ಲಿ ಏನಾದರೂ ರುಚಿ ಇದ್ದರೆ ಅದು ಅಲ್ಲಿಂದ ಬಂದದ್ದು. ಅವರು ಪ್ರೈಮರಿ ಶಾಲೆಯಲ್ಲಿ ಟೀಚರು. ರೈಲ್ವೆಯಲ್ಲಿದ್ದ ಮಾವ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವಷ್ಟೇ ಶ್ರದ್ಧೆಯಿಂದ ಅವರು ನನಗೆ ಕಾಯಿ ಅಲ್ಲಾಡಿಸಿ ಕೇಳುವುದನ್ನು ಹೇಳಿಕೊಟ್ಟರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಳುಗುಳು ಅಂದರೆ ಒಳಗೆ ನೀರಿದೆ. ಗಡಗಡ ಅಂದರೆ ಕೊಬ್ಬರಿಯಾಗಿದೆ. ಇವೆರಡರ ನಡುವೆ ಒಂದಷ್ಟು ಕಾಲ ಕಾಯಿ ಏನೂ ಅನ್ನುವುದಿಲ್ಲ. ನೀರು ಇಂಗಿರುತ್ತದೆ, ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿರುತ್ತದೆ. ಅತ್ತೆ ಅದನ್ನು ಸುಮ್ಮನಿರೋ ಕಾಯಿ ಅನ್ನುತ್ತಿದ್ದರು. ಅದನ್ನು ಮಾತ್ರ ಒಡೆಯಬಾರದು.

ನಾನು ಒಮ್ಮೆ ಒಡೆದೆ. ಅತ್ತೆ ಶಾಲೆಗೆ ಹೋಗಿದ್ದರು, ನನಗೆ ಬೆಲ್ಲದ ಜೊತೆ ಕೊಬ್ಬರಿ ತಿನ್ನುವ ಆಸೆ. ಏಣಿ ಹತ್ತಿ ಒಂದು ಕಾಯಿ ತಂದು ಕಲ್ಲಿಗೆ ಕುಟ್ಟಿದರೆ, ಒಳಗೆ ರಬ್ಬರಿನ ಹಾಗೆ ಜಗ್ಗುವ ತಿರುಳು. ಹಸಿ ಕಾಯಿಯ ಸಿಹಿ ಹೋಗಿದೆ, ಕೊಬ್ಬರಿಯ ಘಮ ಬಂದಿಲ್ಲ. ಅತ್ತೆ ಬೈಯಲಿಲ್ಲ. ಅದನ್ನೇ ತುರಿದು ಚಟ್ನಿ ಮಾಡಿ ಎರಡು ದಿನ ನನಗೊಬ್ಬನಿಗೇ ಬಡಿಸಿದರು.

ಎಪ್ಪತ್ತರ ದಶಕ ಶುರುವಾದಾಗ ನನಗೆ ತುಮಕೂರಿನ ಖಜಾನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲೇ ಉಪ್ಪಾರಹಳ್ಳಿಯಲ್ಲಿ ಒಂದು ಕೋಣೆ ಹಿಡಿದೆ. ನನ್ನ ಮೇಜಿಗೆ ಬರುತ್ತಿದ್ದ ಕೆಲಸಗಳಲ್ಲಿ ಸರ್ಕಾರದ ಸಾಲಪತ್ರಗಳ ಬಡ್ಡಿ ಕೊಡುವುದೂ ಒಂದು. ಜನ ಅದನ್ನು ಬಾಂಡು ಅನ್ನುತ್ತಿದ್ದರು. ಸರ್ಕಾರ ಜನರಿಂದ ಸಾಲ ತೆಗೆದುಕೊಂಡು, ಇಷ್ಟು ವರ್ಷಕ್ಕೆ ಅಸಲು ಕೊಡುತ್ತೇನೆ, ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತೇನೆ ಎಂದು ಬರೆದುಕೊಟ್ಟ ದಪ್ಪ ಕಾಗದ ಅದು. ಹಿಂಬದಿಯಲ್ಲಿ ಸಾಲಾಗಿ ಚೌಕಗಳಿರುತ್ತಿದ್ದವು. ಬಡ್ಡಿ ಕೊಟ್ಟಾಗ ಒಂದೊಂದು ಚೌಕಕ್ಕೆ ಒಂದೊಂದು ಮೊಹರು. ಬರುತ್ತಿದ್ದವರು ಕಡಿಮೆ, ಹೆಚ್ಚಾಗಿ ವಯಸ್ಸಾದವರು. ಅವರಲ್ಲಿ ನಮ್ಮ ಅತ್ತೆಯೂ ಒಬ್ಬರು.

ಮಾವ ತೀರಿದಾಗ ರೈಲ್ವೆಯಿಂದ ಬಂದ ಹಣವನ್ನು ಅವರು ಯಾರದೋ ಮಾತು ಕೇಳಿ ಬಾಂಡಿನಲ್ಲಿ ಹಾಕಿದ್ದರು. ಐದು ಸಾವಿರ ರೂಪಾಯಿ. ಆರು ತಿಂಗಳಿಗೊಮ್ಮೆ ಗುಬ್ಬಿಯಿಂದ ರೈಲು ಹತ್ತಿ ಬಂದು, ನನ್ನ ಕಿಟಕಿಯ ಮುಂದೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕಾಗದವನ್ನೂ ಅದರ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನೂ ಇಡುತ್ತಿದ್ದರು. ಮೊಹರು ನೆಟ್ಟಗೆ ಬಿದ್ದಿದೆಯೋ ಇಲ್ಲವೋ ಎಂದು ಕನ್ನಡಕ ಸರಿಸಿ ನೋಡುತ್ತಿದ್ದರು. ಸೊಟ್ಟಗೆ ಬಿದ್ದಿದ್ದರೆ ನನ್ನ ಕಡೆ ನೋಡುತ್ತಿದ್ದರು, ಅಷ್ಟೇ.

ಆ ಮೇಜಿನ ಹಿಂದೆ ಕೂತು ಎರಡು ಮೂರು ವರ್ಷವಾದ ಮೇಲೆ ನನಗೆ ನನ್ನ ಬಗ್ಗೆ ಒಂದು ಅಭಿಪ್ರಾಯ ಬಂತು. ಬಜೆಟ್ಟು, ಬಡ್ಡಿ, ಬಾಂಡು ಎಲ್ಲ ನನಗೆ ಗೊತ್ತು ಎಂಬ ಅಭಿಪ್ರಾಯ. ನೆಂಟರಿಷ್ಟರಿಗೂ ಹಾಗೇ ಅನ್ನಿಸಿತ್ತು. ಅಂಚೆ ಕಚೇರಿಯಲ್ಲಿ ಹಣ ಇಡಬೇಕೋ ಬ್ಯಾಂಕಿನಲ್ಲಿಯೋ ಎಂದು ಕೇಳಲು ಮದುವೆಮನೆಗಳಲ್ಲಿ ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದರು. ಗೊತ್ತಿಲ್ಲ ಎಂದು ನಾನು ಯಾರಿಗೂ ಹೇಳಿದ ನೆನಪಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಸಂಕ್ರಾಂತಿ ಕಳೆದ ವಾರ, ಕುಣಿಗಲ್‌ನ ಮಾಲೀಕರು ಗುಬ್ಬಿಗೆ ಬಂದು ಅತ್ತೆಗೆ ಒಂದು ಸುದ್ದಿ ಹೇಳಿದರು. ಮನೆ ಮಾರುತ್ತಾರಂತೆ. ಕುಣಿಗಲ್‌ನ ಹೊಲದಲ್ಲಿ ಬಾವಿ ತೋಡಿಸಿ ಪಂಪ್‌ಸೆಟ್ಟು ಕೂರಿಸಬೇಕು, ಅದಕ್ಕೆ ಹಣ ಬೇಕು. ಗುಬ್ಬಿಯ ವ್ಯಾಪಾರಿಯೊಬ್ಬರು ಮನೆ ಕೆಡವಿ ಗೋಡೌನು ಕಟ್ಟಲು ಹನ್ನೆರಡು ಸಾವಿರಕ್ಕೆ ಕೇಳಿದ್ದಾರೆ. ಆದರೆ ಇಪ್ಪತ್ತೆರಡು ವರ್ಷ ಒಲೆ ಉರಿಸಿದವರು ನೀವು, ಅದೇ ಬೆಲೆಗೆ ನಿಮಗೆ ಬೇಕಾದರೆ ಯುಗಾದಿಯವರೆಗೆ ಕಾಯುತ್ತೇನೆ ಅಂದರಂತೆ.

ಅತ್ತೆ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಕೈಯಲ್ಲಿ ಏಳು ಸಾವಿರ ಚಿಲ್ಲರೆ ಇತ್ತು. ಅದರ ಮೇಲೆ ಬಾಂಡು. ಹೆಚ್ಚು ಕಡಿಮೆ ಸರಿಹೋಗುತ್ತದೆ. ಆ ಭಾನುವಾರ ನಾನು ಹೋದಾಗ ಅವರು ಅಡುಗೆಮನೆಯ ನಡುವೆ ನಿಂತು ಅಟ್ಟದ ಕಡೆಗೇ ನೋಡುತ್ತಿದ್ದರು. ಅವರಿಗೆ ಕೆಲವು ವರ್ಷಗಳಿಂದ ಕಣ್ಣು ಉರಿ, ನೀರು ಸೋರುವುದು. ಹೊಗೆಯಿಂದ ದೂರ ಇರಿ ಎಂದು ತುಮಕೂರಿನ ಕಣ್ಣಿನ ಡಾಕ್ಟರು ಹೇಳಿದ್ದರು. ಇನ್ನೊಬ್ಬರ ಕಾಯಿ ತಲೆಯ ಮೇಲಿರುವಾಗ ದೂರ ಇರುವುದು ಹೇಗೆ?

"ಮನೆ ನಂದಾದ ದಿನ ಅಟ್ಟ ಖಾಲಿ ಮಾಡಿಸ್ತೀನಿ ಕಣೋ," ಅಂದರು. "ಒಲೆ ತೆಗೆಸಿ ಒಂದು ಸೀಮೆಎಣ್ಣೆ ಸ್ಟೌ ತಂದಿಡ್ತೀನಿ. ಕಣ್ಣು ಒರೆಸಿಕೊಳ್ದೆ ಒಂದು ಸಾರು ಮಾಡ್ಬೇಕು ನಾನು."

ಅವರಿಗೆ ಬೇಕಾಗಿದ್ದದ್ದು ಇಷ್ಟು: ಆ ಮನೆ, ಮತ್ತು ಆ ಮನೆಯಲ್ಲಿ ಹೊಗೆಯಿಲ್ಲದ ಒಂದು ಅಡುಗೆ.

ಬಾಂಡಿನ ಅವಧಿ ಮುಗಿಯಲು ಇನ್ನೂ ಎಂಟು ವರ್ಷ ಇತ್ತು. ಅಲ್ಲಿಯವರೆಗೆ ಸರ್ಕಾರ ಅಸಲು ಕೊಡುವುದಿಲ್ಲ. ಈಗಲೇ ಹಣ ಬೇಕೆಂದರೆ ಕೊಳ್ಳುವವರಿಗೆ ಮಾರಬೇಕು. ನಾನು ಬೆಂಗಳೂರಿನ ಒಬ್ಬ ದಲ್ಲಾಳಿಗೆ ಕಾಗದ ಬರೆದು ವಿಚಾರಿಸಿದೆ. ನೂರಕ್ಕೆ ತೊಂಬತ್ನಾಲ್ಕು ಸಿಗುತ್ತದೆ ಎಂದು ಉತ್ತರ ಬಂತು. ಐದು ಸಾವಿರದ ಕಾಗದಕ್ಕೆ ನಾಲ್ಕು ಸಾವಿರದ ಏಳುನೂರು. ಕೈಯಲ್ಲಿದ್ದ ಏಳು ಸಾವಿರ ಚಿಲ್ಲರೆ ಸೇರಿಸಿದರೆ ಮನೆ ಅತ್ತೆಯದು.

ಅವತ್ತೇ ಮಾರಿಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಮುನ್ನೂರು ರೂಪಾಯಿಯನ್ನು ಬಿಡುವುದು ಹೇಗೆ ಎಂದು ಯೋಚಿಸಿದೆ. ನನ್ನ ಲೆಕ್ಕ ಹೀಗಿತ್ತು: ಫೆಬ್ರವರಿ ಕೊನೆಗೆ ಬಜೆಟ್ಟು. ಬಡ್ಡಿ ಸಾಕಷ್ಟು ಏರಿದೆ, ಈ ಸಲ ಇಳಿಸುತ್ತಾರೆ. ಹೊಸ ಬಾಂಡುಗಳ ಬಡ್ಡಿ ಇಳಿದರೆ ಹಳೆಯ ಬಾಂಡಿಗೆ ಬೆಲೆ ಬರುತ್ತದೆ. ತೊಂಬತ್ನಾಲ್ಕು ಇದ್ದದ್ದು ನೂರಾಗಬಹುದು. ಇದನ್ನೆಲ್ಲ ನನಗೆ ಯಾರೂ ಹೇಳಿರಲಿಲ್ಲ. ಇಳಿಯಲಿ ಎಂಬ ಆಸೆಯನ್ನೇ ಇಳಿಯುತ್ತದೆ ಎಂಬ ತಿಳಿವಳಿಕೆ ಎಂದುಕೊಂಡಿದ್ದೆ.

"ಬಜೆಟ್ ಆಗ್ಲಿ ಅತ್ತೆ, ಆಮೇಲೆ ಮಾರೋಣ," ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಯುಗಾದಿ ಹತ್ರ ಆಗುತ್ತಲ್ಲೋ?"

ಆಗುವುದಿಲ್ಲ, ಇನ್ನೂ ದಿನ ಇರುತ್ತದೆ ಎಂದು ಸಮಾಧಾನ ಹೇಳಿದೆ. ಅವರು ಮತ್ತೆ ಕೇಳಲಿಲ್ಲ. ನಾನು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವನು, ಸರ್ಕಾರದ ಮನಸ್ಸು ನನಗೆ ಗೊತ್ತಿರುತ್ತದೆ ಎಂದು ಅವರು ನಂಬಿದ್ದರು.

ಬಜೆಟ್ಟಿನ ದಿನ ಸಂಜೆ ಉಪ್ಪಾರಹಳ್ಳಿಯಲ್ಲಿ ನಮ್ಮ ವಠಾರದ ಜಗಲಿಯ ಮೇಲೆ ರೇಡಿಯೊ ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಆ ದಿನಗಳಲ್ಲಿ ಬಜೆಟ್ಟು ಎಂದರೆ ಬೀಡಿ, ಸೋಪು, ಸೀಮೆಎಣ್ಣೆ. ಯಾವುದಕ್ಕೆ ಎಷ್ಟು ಏರಿತು ಎಂದು ತಿಳಿದುಕೊಂಡು, ಅಂಗಡಿಯವನು ಬೆಲೆ ಬದಲಾಯಿಸುವ ಮೊದಲೇ ಓಡಿಹೋಗಿ ಹಳೆಯ ಬೆಲೆಗೆ ತರುವುದು. ನಾನೊಬ್ಬನೇ ಬೇರೆ ಮಾತಿಗೆ ಕಾದಿದ್ದೆ. ಅದು ಕೊನೆಯಲ್ಲಿ ಬಂತು. ಬರುವುದಕ್ಕಿಂತ ಖರ್ಚು ಬಹಳ ಹೆಚ್ಚು, ದೊಡ್ಡ ಖೋತಾ ಬಜೆಟ್ಟು, ಆ ಕೊರತೆಯ ಬಹುಪಾಲನ್ನು ಸರ್ಕಾರ ಸಾಲ ಎತ್ತಿ ತುಂಬಿಕೊಳ್ಳುತ್ತದೆ. ಜಗಲಿಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಜನ ಆಗಲೇ ಸೋಪಿನ ಅಂಗಡಿಯ ದಾರಿ ಹಿಡಿದಿದ್ದರು.

ಮಾರನೆಯ ದಿನ ಕಚೇರಿಯಲ್ಲಿ ಹಿರಿಯ ಗುಮಾಸ್ತರ ಹತ್ತಿರ ಹೋಗಿ ಕೂತೆ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಎಲೆ ಅಡಿಕೆ ಹಾಕಿಕೊಂಡೇ ಮಾತಾಡುವವರು, ಹಾಗಾಗಿ ಕಡಿಮೆ ಮಾತಾಡುವವರು. ಅವರು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಸಾಲ ಕೇಳುವವರಿಗೆ ಅವಸರ ಹೆಚ್ಚಾದಷ್ಟೂ ಹೆಚ್ಚು ಬಡ್ಡಿ ಕೊಡಬೇಕಾಗುತ್ತದೆ, ಅದು ಸರ್ಕಾರವಾದರೂ ಅಷ್ಟೇ. ಹೊಸ ಬಾಂಡಿಗೆ ಹೆಚ್ಚು ಬಡ್ಡಿ ಸಿಗುವಾಗ ಕಡಿಮೆ ಬಡ್ಡಿಯ ಹಳೆಯ ಬಾಂಡನ್ನು ಪೂರ್ತಿ ಬೆಲೆ ಕೊಟ್ಟು ಯಾರು ಕೊಳ್ಳುತ್ತಾರೆ? ಬಡ್ಡಿಯ ಕೊರತೆಯನ್ನು ಬೆಲೆಯಲ್ಲಿ ಮುರಿದುಕೊಂಡೇ ಕೇಳುತ್ತಾರೆ. ಇನ್ನೂ ಎಷ್ಟು ವರ್ಷ ಬಾಕಿಯಿದೆಯೋ ಅಷ್ಟೂ ವರ್ಷದ ಕೊರತೆಯನ್ನು ಇವತ್ತೇ ಮುರಿಯುತ್ತಾರೆ. ಅದಕ್ಕೇ ದೂರದ ಕಾಗದಕ್ಕೆ ಪೆಟ್ಟು ಜಾಸ್ತಿ.

ಅಷ್ಟು ಹೇಳಿ, ಎದ್ದು ಹೋಗಿ ಉಗಿದು ಬಂದು, "ಯಾರಿಗೆ ಹೇಳಿದ್ದೆ ಕಾಯಕ್ಕೆ?" ಎಂದು ಕೇಳಿದರು. ನಮ್ಮತ್ತೆಗೆ ಅಂದೆ. ಅವರು ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಸ್ವಲ್ಪ ದಿನಕ್ಕೇ ಹೆಚ್ಚು ಬಡ್ಡಿಯ ಹೊಸ ಸಾಲದ ಪ್ರಕಟಣೆ ಬಂತು. ಅದರ ಹಿಂದೆಯೇ ಬೆಂಗಳೂರಿನ ದಲ್ಲಾಳಿಯ ಕಾಗದ: ಈಗ ನೂರಕ್ಕೆ ಎಂಬತ್ತೇಳು. ಅದಕ್ಕೂ ಕೊಳ್ಳುವವರು ಕಡಿಮೆ, ಒಂದೆರಡು ತಿಂಗಳು ಹಿಡಿಯಬಹುದು. ಯುಗಾದಿಗೆ ಮೂರು ವಾರವೂ ಉಳಿದಿರಲಿಲ್ಲ.

ಆ ಭಾನುವಾರದ ರೈಲಿನಲ್ಲಿ ಗುಬ್ಬಿ ಇಷ್ಟು ಬೇಗ ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅತ್ತೆ ಏಣಿಯ ಮೇಲಿದ್ದರು. ಮೇಲಿನ ಸಾಲಿನ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದರು. ಅದು ಅವರ ಕೆಲಸವಲ್ಲ, ಆದರೂ ತಿಂಗಳಿಗೊಮ್ಮೆ ಮಾಡುತ್ತಿದ್ದರು. ನಾನು ಕೆಳಗೆ ನಿಂತೇ ಎಲ್ಲ ಹೇಳಿದೆ. ತೊಂಬತ್ನಾಲ್ಕು ಎಂಬತ್ತೇಳಾದದ್ದು, ಅದೂ ಯುಗಾದಿಯೊಳಗೆ ಕೈಗೆ ಬಾರದಿರುವುದು, ಎಲ್ಲ. ಅಂಚೆ ಕಚೇರಿಯಲ್ಲಿ ನನ್ನದು ಸ್ವಲ್ಪ ಇದೆ, ಕೊರತೆ ನಾನು ತುಂಬಿಕೊಡುತ್ತೇನೆ, ಉಳಿದದ್ದಕ್ಕೆ ಯಾರನ್ನಾದರೂ ಕೇಳೋಣ ಎಂದೆ.

ಅವರು ಏಣಿಯಿಂದ ಇಳಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಕೂತರು. ಹೊಗೆಗೋ ಬೇರೆಯದಕ್ಕೋ ನನಗೆ ತಿಳಿಯಲಿಲ್ಲ. ಆಮೇಲೆ ಶಾಲೆಯಲ್ಲಿ ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು.

"ಕಾಗದ ಸುಳ್ಳಾಗಿದ್ಯಾ?"

"ಇಲ್ಲ ಅತ್ತೆ."

"ಬಡ್ಡಿ ನಿಲ್ಲಿಸ್ತಾರಾ?"

"ಇಲ್ಲ. ಮೊದಲು ಎಷ್ಟಿತ್ತೋ ಅಷ್ಟು ಬರ್ತಾನೇ ಇರುತ್ತೆ."

"ಎಂಟು ವರ್ಷ ಆದ್ಮೇಲೆ?"

"ಪೂರ್ತಿ ಐದು ಸಾವಿರ ಕೊಡ್ತಾರೆ."

"ಹಂಗಾದ್ರೆ ಏನ್ಲಾ ಆಗಿರೋದು ಇದಕ್ಕೆ?" ಎಂದು, ಪಕ್ಕದಲ್ಲಿದ್ದ ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅದು ಏನೂ ಅನ್ನಲಿಲ್ಲ. "ಸುಮ್ಮನಿರೋ ಕಾಯಿ ಕಣೋ ಇದು. ಈಗ ಒಡೆದ್ರೆ ಚಟ್ನಿಗೂ ಇಲ್ಲ, ಉಂಡೆಗೂ ಇಲ್ಲ. ಒಡೆಯೋಕೆ ಹೋಗಿರೋದೇ ತಪ್ಪು ನಾವು. ಅಟ್ಟ ಇರೋರನ್ನ ಹುಡುಕ್ಬೇಕು."

ನಾನು ಇಷ್ಟು ವರ್ಷ ಆ ಕಾಗದಗಳಿಗೆ ಮೊಹರು ಹಾಕಿ, ಹಿರಿಯ ಗುಮಾಸ್ತರ ಪಾಠವನ್ನೂ ಕೇಳಿ ತಿಳಿದುಕೊಳ್ಳದೆ ಇದ್ದದ್ದು ಅಲ್ಲಿ ತಿಳಿಯಿತು. ಬಾಂಡಿನ ಬೆಲೆ ಬಿದ್ದಿದ್ದದ್ದು ಅವಸರದವರಿಗೆ. ಕಾಯಲು ಜಾಗ ಇದ್ದವರ ಕೈಯಲ್ಲಿ ಅದು ಒಂದು ರೂಪಾಯಿಯೂ ಬಿದ್ದಿರಲಿಲ್ಲ. ಅತ್ತೆಗೆ ಕಾಯಲು ಆಗುವುದಿಲ್ಲ. ಯಾರಿಗೆ ಆಗುತ್ತದೆ?

ಮರುದಿನ ರಜೆ ಹಾಕಿದೆ. ಇಬ್ಬರೂ ಎರಡು ಬಸ್ಸು ಬದಲಾಯಿಸಿ ಕುಣಿಗಲ್‌ಗೆ ಹೋದೆವು. ಕೆರೆ ಏರಿಯ ಮೇಲೆ ಬಸ್ಸು ಹೋಗುವಾಗ ಅತ್ತೆ ಮಡಿಲಲ್ಲಿದ್ದ ಕೈಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಬಾಂಡು ಅದರಲ್ಲಿತ್ತು. ಅಲ್ಲಿ ಏನು ಹೇಳುತ್ತೀರಿ ಎಂದು ನಾನು ಎರಡು ಸಲ ಕೇಳಿದೆ. ನೀನು ಸುಮ್ಮನಿದ್ದರೆ ಸಾಕು ಅಂದರು.

ಮಾಲೀಕರು ಐವತ್ತರ ಆಸುಪಾಸಿನವರು, ನಿಧಾನದ ಮನುಷ್ಯ. ಹಜಾರದಲ್ಲಿ ಕೂರಿಸಿ ಮಜ್ಜಿಗೆ ತರಿಸಿದರು. ಹತ್ತು ವರ್ಷದ ಅವರ ಮಗಳು ಮಜ್ಜಿಗೆ ಲೋಟ ಇಟ್ಟು, ಅಲ್ಲೇ ಬಾಗಿಲ ಪಕ್ಕ ನಿಂತು ಅತ್ತೆಯನ್ನು ನೋಡುತ್ತಿದ್ದಳು. ಎಷ್ಟನೇ ಕ್ಲಾಸು, ಮಗ್ಗಿ ಎಲ್ಲಿಯವರೆಗೆ ಬರುತ್ತದೆ ಎಂದು ಅತ್ತೆ ಮೊದಲು ಅವಳನ್ನೇ ವಿಚಾರಿಸಿಕೊಂಡರು. ಹದಿನಾರರ ಮಗ್ಗಿ ತಡವರಿಸದೆ ಹೇಳಿದಳು.

ಆಮೇಲೆ ಅತ್ತೆ ಮಾಲೀಕರಿಗೆ ನೇರವಾಗಿ ಹೇಳಿದರು. ಏಳು ಸಾವಿರ ನಗದು ಇದೆ, ಬಾವಿಗೂ ಪಂಪ್‌ಸೆಟ್ಟಿಗೂ ಸಾಕಾಗುತ್ತದೆ. ಉಳಿದ ಐದು ಸಾವಿರಕ್ಕೆ ಸರ್ಕಾರದ ಈ ಕಾಗದ. ಹಿಂದೆ ಸಹಿ ಹಾಕಿ ಕೊಟ್ಟರೆ ನಿಮ್ಮದಾಗುತ್ತದೆ. ಆರು ತಿಂಗಳಿಗೊಮ್ಮೆ ಬಡ್ಡಿ ನಿಮಗೆ, ಎಂಟು ವರ್ಷಕ್ಕೆ ಪೂರ್ತಿ ಹಣ ನಿಮಗೆ. ಆಗ ಮಗಳಿಗೆ ಹದಿನೆಂಟು, ಓದೋ ಮದುವೆಯೋ ಏನೋ ಒಂದಕ್ಕೆ ಬೇಕಾಗುತ್ತದೆ. ಇವತ್ತು ಮಾರಲು ಹೋದರೆ ಇದಕ್ಕೆ ಎಂಬತ್ತೇಳೇ ಸಿಗುವುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನಾನು ಮಜ್ಜಿಗೆ ಲೋಟದೊಳಗೆ ನೋಡುತ್ತ ಕೂತಿದ್ದೆ.

ಮಾಲೀಕರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೊಹರಿನ ಚೌಕಗಳನ್ನು ಎಣಿಸಿದರು. "ಎಂಬತ್ತೇಳರ ಮಾಲು ನೂರಕ್ಕೆ ಕೊಡ್ತೀನಿ ಅಂತೀರಲ್ಲ ಟೀಚರಮ್ಮ," ಅಂದರು, ನಗುತ್ತಲೇ. "ನಾನು ಕಾಯಿ ವ್ಯಾಪಾರದೋನು, ಅಷ್ಟು ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಅಂತಾನೇ ನಿಮ್ಮ ಹತ್ರ ಬಂದಿದ್ದು ಯಜಮಾನ್ರೆ. ಆ ಹದಿಮೂರು ನಾನು ಬೇರೆ ಥರ ಕೊಡ್ತೀನಿ." ಅತ್ತೆ ಲೋಟ ಕೆಳಗಿಟ್ಟರು. "ಮನೆ ನಂದಾದ್ರೂ ಅಟ್ಟ ನಿಮ್ಮದೇ. ಈ ಕಾಗದ ಹಣ ಆಗೋ ತನಕ, ಎಂಟು ವರ್ಷ. ಬಾಡಿಗೆ ಬೇಡ. ಒಲೆ ಉರಿಯುತ್ತೆ."

ಮನೆ ಮಾರಿದ ಮೇಲೆ ತೋಟದ ಕಾಯಿ ಎಲ್ಲಿಡುವುದು ಎಂಬುದು ಆ ಮನುಷ್ಯನಿಗೆ ಚಿಂತೆಯಾಗಿತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು. ವ್ಯಾಪಾರಿಯ ಗೋಡೌನಿನಲ್ಲಿ ಅಟ್ಟವೂ ಇರುತ್ತಿರಲಿಲ್ಲ, ಒಲೆಯೂ ಇರುತ್ತಿರಲಿಲ್ಲ. ಹೊಸದಾಗಿ ಒಂದು ಕೊಟ್ಟಿಗೆ ಕಟ್ಟಿಸಿ ಆಳಿಟ್ಟು ಹೊಗೆ ಹಾಕಿಸುವ ಖರ್ಚು ಮಾಲೀಕರು ಮನಸ್ಸಿನಲ್ಲೇ ಹಾಕಿಕೊಂಡಿರಬೇಕು. ಕಾಗದವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಆಗ್ಲಿ ಬುಡಿ," ಅಂದರು. "ಅಟ್ಟದ ಮೇಲೆ ಇನ್ನೊಂದು ಕಾಯಿ ಅಂದ್ಕೋತೀನಿ. ವರ್ಷ ಕಾಯೋನು ಎಂಟು ವರ್ಷ ಕಾಯಕ್ಕಾಗಲ್ವಾ."

ಸಂಜೆ ಬಸ್ಸಿನಲ್ಲಿ ಕೂತು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮನೆ ಉಳಿದಿತ್ತು. ಸ್ಟೌ ಹೋಗಿತ್ತು. ಕಣ್ಣೊರೆಸಿಕೊಳ್ಳದೆ ಮಾಡಬೇಕೆಂದಿದ್ದ ಸಾರು ಎಂಟು ವರ್ಷ ಮುಂದಕ್ಕೆ ಹೋಗಿತ್ತು. ದೆಹಲಿಯಲ್ಲಿ ಯಾರೋ ಓದಿದ ಖೋತಾ ಲೆಕ್ಕ ಗುಬ್ಬಿಯ ಒಂದು ಅಡುಗೆಮನೆಯವರೆಗೆ ಬಂದಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವನು ನಾನು. ಸರ್ಕಾರ ಅದರ ಪಾಡಿಗೆ ಸಾಲ ಎತ್ತಿತ್ತು, ಬಾಂಡು ಅದರ ಪಾಡಿಗೆ ಅತ್ತೆಯ ಪೆಟ್ಟಿಗೆಯಲ್ಲಿತ್ತು. ನಡುವೆ ನಿಂತು ಕಾಯಿರಿ ಅಂದದ್ದು ನಾನೊಬ್ಬನೇ.

ಬಾಂಡಿನ ಬೆಲೆಯಲ್ಲಿ ಬಿದ್ದ ಕೊರತೆಯನ್ನು ಮಾಲೀಕರಿಗೆ ನಾನೇ ಕೊಡುತ್ತೇನೆ, ಅಟ್ಟ ಬಿಡಿಸಿಕೊಳ್ಳಿ ಎಂದು ಮುಂದಿನ ವರ್ಷ ಮತ್ತೆ ಕೇಳಿದೆ. ಅತ್ತೆ ಒಪ್ಪಲಿಲ್ಲ. "ನಿನ್ನ ದುಡ್ಡು ತಗೊಂಡ್ರೆ ನೀನು ಇದನ್ನ ಮರೆತುಬಿಡ್ತೀಯ," ಅಂದರು. ಬೇಸರದಿಂದಲ್ಲ, ಶಾಲೆಯಲ್ಲಿ ಮನೆಪಾಠ ಕೊಡುವ ದನಿಯಲ್ಲಿ.

ಮರೆಯಲಿಲ್ಲ. ಹೋದಾಗಲೆಲ್ಲ ಅವರು ಊದುಗೊಳವೆ ಹಿಡಿದು ಬಗ್ಗಿರುವುದನ್ನು ನೋಡುತ್ತಿದ್ದೆ. ಆಮೇಲಾಮೇಲೆ ನಾನು ಅಲ್ಲಿರುವಷ್ಟು ಹೊತ್ತು ಒಲೆ ನನ್ನದಾಯಿತು. ಸೌದೆ ಒಣಗಿಸಿ ಒಟ್ಟುವುದು, ಹೊಗೆ ಕಡಿಮೆಯಾಗುವ ಹಾಗೆ ಗಾಳಿಗೆ ಸಂದು ಬಿಟ್ಟು ಜೋಡಿಸುವುದು ಕಲಿತೆ. ಮದುವೆಯಾದ ಮೇಲೆ ನನ್ನ ಹೆಂಡತಿ, ಮನೆಯಲ್ಲಿ ಕಾಫಿ ಲೋಟ ತೊಳೆಯದ ಮನುಷ್ಯ ಗುಬ್ಬಿಗೆ ಬಂದರೆ ಬೆಳಿಗ್ಗೆಯೇ ಒಲೆ ಮುಂದೆ ಕೂರುತ್ತಾರಲ್ಲ ಎಂದು ಅತ್ತೆಯ ಹತ್ತಿರ ದೂರಿದಳು. "ಬಡ್ಡಿ ತೀರಿಸ್ತಾ ಇದಾನೆ ಬಿಡಮ್ಮ," ಅಂದರಂತೆ ಅತ್ತೆ. ಅದೇನೆಂದು ಅವಳಿಗೆ ಹೇಳಲು ನನಗೆ ಇನ್ನೂ ಒಂದು ವರ್ಷ ಬೇಕಾಯಿತು.

ಆ ವರ್ಷಗಳಲ್ಲಿ ಬಡ್ಡಿ ಏರುತ್ತಲೇ ಹೋಯಿತು. ಎಂಬತ್ತರ ದಶಕ ಬರುವ ಹೊತ್ತಿಗೆ ಅಂಚೆ ಕಚೇರಿಯ ಸರ್ಟಿಫಿಕೇಟುಗಳು, ಕಂಪನಿಗಳ ಡಿಪಾಜಿಟ್ಟುಗಳು ಎಲ್ಲ ಜನರ ಬಾಯಲ್ಲಿ ಓಡಾಡತೊಡಗಿದವು. ಬಜೆಟ್ಟು ಹತ್ತಿರ ಬಂದಾಗ ಸಹೋದ್ಯೋಗಿಗಳು, ನೆಂಟರು ಈಗಲೂ ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದರು. ಈಗ ಇಡಬೇಕೋ, ಬಜೆಟ್ಟಿನವರೆಗೆ ಕಾಯಬೇಕೋ? ಹಳೆಯದನ್ನು ಮುರಿಸಿ ಹೆಚ್ಚು ಬಡ್ಡಿಯದಕ್ಕೆ ಹಾಕಬೇಕೋ? ಬಡ್ಡಿ ಏರುತ್ತದೋ ಇಳಿಯುತ್ತದೋ ನನಗೆ ಗೊತ್ತಿಲ್ಲ ಎಂದು ಮೊದಲು ಹೇಳಿಬಿಡುತ್ತಿದ್ದೆ. ಆಮೇಲೆ, ನಿಮಗೆ ಈ ಹಣ ಯಾವಾಗ ಬೇಕು, ಯಾತಕ್ಕೆ ಬೇಕು ಎಂದು ಕೇಳುತ್ತಿದ್ದೆ. ಮುಂದಿನ ವರ್ಷವೇ ಬೇಕಾದ ಹಣವನ್ನು ದೂರದ ಕಾಗದದಲ್ಲಿ ಇಡಬೇಡಿ, ದೂರಕ್ಕೆ ಬೇಕಾದದ್ದನ್ನು ಪ್ರತಿ ಬಜೆಟ್ಟಿಗೂ ಅಲ್ಲಾಡಿಸಿ ನೋಡಬೇಡಿ. ನನ್ನ ಹತ್ತಿರ ಇದ್ದ ಸಲಹೆ ಅಷ್ಟೇ. ಕೆಲವರಿಗೆ ಇದು ಸಪ್ಪೆಯಾಗಿ ಕಂಡಿತು. ನನಗಿಂತ ಜೋರಾಗಿ ಮಾತಾಡುವವರ ಹತ್ತಿರ ಹೋದರು.

ಎಂಟು ವರ್ಷ ತುಂಬಿದಾಗ ಮಾಲೀಕರು ಮಗಳನ್ನು ಕರೆದುಕೊಂಡು ತುಮಕೂರಿಗೆ ಬಂದರು. ಅವಳು ಅಲ್ಲೇ ಕಾಲೇಜು ಸೇರುವವಳಿದ್ದಳು, ಹಾಸ್ಟೆಲಿಗೂ ಫೀಸಿಗೂ ಈ ಹಣ. ಕಾಗದದ ಹಿಂದೆ ಒಂದೇ ಒಂದು ಚೌಕ ಖಾಲಿ ಉಳಿದಿತ್ತು. ಕೊನೆಯ ಮೊಹರನ್ನು ನಾನೇ ಹಾಕಿದೆ. ನೆಟ್ಟಗೆ ಬೀಳಲಿ ಎಂದು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡೆ. ಐದು ಸಾವಿರಕ್ಕೆ ಆ ಹೊತ್ತಿಗೆ ಮೊದಲಿನ ಬೆಲೆ ಇರಲಿಲ್ಲ, ಅದು ಅವರಿಗೂ ಗೊತ್ತು. ಕಿಟಕಿಯ ಆಚೆಯಿಂದ ಅಂದರು: "ಕಾಗದದಲ್ಲಿ ನಂಗೆ ಅಂಥ ಲಾಭ ಏನೂ ಆಗ್ಲಿಲ್ಲ ಕಣಪ್ಪ. ಲಾಭ ಆಗಿದ್ದು ಅಟ್ಟದಲ್ಲಿ. ನಿಮ್ಮತ್ತೆ ಒಲೆ ಮೇಲೆ ಆದಂಥ ಕೊಬ್ಬರಿ ನಂಗೆ ಇನ್ನೆಲ್ಲೂ ಆಗಲ್ಲ."

ಮುಂದಿನ ವಾರ ಅಟ್ಟ ಖಾಲಿಯಾಯಿತು. ಅಷ್ಟು ಹೊತ್ತಿಗೆ ಗುಬ್ಬಿಗೂ ಗ್ಯಾಸು ಬಂದಿತ್ತು. ಹೆಸರು ಬರೆಸಿ ಕಾದಿದ್ದ ಅತ್ತೆಯ ಸರದಿಯೂ ಬಂದಿತ್ತು. ಒಲೆ ಮುಚ್ಚಿ ಕಟ್ಟೆ ಕಟ್ಟಿಸಿ ಗ್ಯಾಸು ಇಟ್ಟ ದಿನ ನಾನು ಹೆಂಡತಿಯೊಡನೆ ಹೋಗಿದ್ದೆ. ಗೋಡೆಗೆ ಸುಣ್ಣ ಬಳಿಸಿದ್ದರೂ ಮೇಲಿನ ತೊಲೆಗಳು ಹಾಗೇ ಕಪ್ಪಗಿದ್ದವು. ಅತ್ತೆ ಸಾರು ಮಾಡಿದರು. ಕಣ್ಣಿಂದ ನೀರು ಬರುತ್ತಲೇ ಇತ್ತು. ಹೊಗೆಯಿರಲಿಲ್ಲ, ಆದರೆ ಅಷ್ಟು ವರ್ಷದ ಕಣ್ಣು ಒಂದು ದಿನಕ್ಕೆ ಬಿಡುವುದಿಲ್ಲ. ಸೆರಗಿನಿಂದ ಒರೆಸಿಕೊಂಡೇ ಬಡಿಸಿದರು. ನಾನು ತಲೆ ಬಗ್ಗಿಸಿ ಉಂಡೆ.

ಊಟವಾದ ಮೇಲೆ ಅಟ್ಟ ಗುಡಿಸಲು ನಾನು ಏಣಿ ಹತ್ತಿದೆ. ಮೂಲೆಯಲ್ಲಿ, ತೊಲೆಯ ಹಿಂದೆ, ಇಳಿಸಿದವರ ಕೈಗೆ ಸಿಗದೆ ಒಂದು ಕಾಯಿ ಉಳಿದಿತ್ತು. ಕೆಳಗೆ ತೋರಿಸಿದೆ.

"ಅಲ್ಲಾಡ್ಸಿ ನೋಡು," ಅಂದರು ಅತ್ತೆ.

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಮತ್ತೊಮ್ಮೆ ಅಲ್ಲಾಡಿಸಿದೆ.

"ಸುಮ್ಮನಿದೆ ಅತ್ತೆ."

"ಹಂಗಾದ್ರೆ ಅಲ್ಲೇ ಇಡು."

ತೊಲೆಯ ಹಿಂದೆ, ಇದ್ದ ಜಾಗದಲ್ಲೇ ಅದನ್ನು ಇಟ್ಟು ಇಳಿದೆ. ಕೆಳಗೆ ಬೆಂಕಿಯಿಲ್ಲದೆ ಅದು ಕೊಬ್ಬರಿಯಾಗಲು ಎಷ್ಟು ದಿನ ಬೇಕೋ ನಮಗಿಬ್ಬರಿಗೂ ಗೊತ್ತಿರಲಿಲ್ಲ.